ಅತ್ತೆಯೊಡನೆ ಸಂಡೂರಿನ ಗವಿಗೆ

ಅತ್ತೆಗೆ ಗವಿಗಳ ಹುಚ್ಚು ಹಿಡಿದದ್ದು ಫೋನಿನಿಂದ. ಮೈದುನ ಹೊಸ ಫೋನು ಕೊಂಡಾಗ ಹಳೆಯದನ್ನು ಅವರ ಕೈಗೆ ಕೊಟ್ಟಿದ್ದ. ಕಂಪ್ಲಿಯ ಮನೆಯ ಕಟ್ಟೆಯ ಮೇಲೆ ಕುಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವರು ನೋಡುತ್ತಿದ್ದದ್ದು ಧಾರಾವಾಹಿಯಲ್ಲ, ಭಜನೆಯೂ ಅಲ್ಲ. ಯಾವುಯಾವುದೋ ದೇಶದ ಮಂದಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಣೆಗೆ ದೀಪ ಸಿಕ್ಕಿಸಿಕೊಂಡು ನೆಲದ ಒಳಗೆ ಇಳಿಯುವ ವಿಡಿಯೋಗಳು. ನಾವು ಹಬ್ಬಕ್ಕೆ ಹೋದಾಗೆಲ್ಲ ಕರೆದು ತೋರಿಸುವರು.

"ಜಲ್ಮೆಲ್ಲಾ ಭತ್ತದ ಗದ್ದ್ಯಾಗ ಬಗ್ಗಿ ಬಗ್ಗಿ ನೆಲದ ಮ್ಯಾಗ ನೋಡಿದ್ದಾತು. ಒಳಗ ಏನೈತಂತ ಒಮ್ಮೆ ನೋಡಬೇಕಬೇ," ಅನ್ನುವರು.

ಸುಳ್ಳಲ್ಲ. ನಾಟಿಯ ಕೂಲಿಗೆ ಹೋಗಿ ಹೋಗಿಯೇ ಅವರು ಇಬ್ಬರು ಗಂಡುಮಕ್ಕಳನ್ನು ಓದಿಸಿದವರು. ಈಗ ಗದ್ದೆಗೆ ಹೋಗಬೇಕಾದ ಹಂಗಿಲ್ಲ. ಹೋಗಬೇಕು ಅನ್ನಿಸಿದ ಕಡೆ ಹೋಗುವ ಆಸೆ ಮಾತ್ರ ಹೊಸದಾಗಿ ಹುಟ್ಟಿತ್ತು.

ನಾನು ಅವರಿಗೆ ಪೂರ್ತಿ ಉಲ್ಟಾ. ಹೊಸಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ರಸ್ತೆಗೆ ಬಾಯಿ ತೆರೆದುಕೊಂಡಿರುವ ಅಂಗಡಿ ಅದು. ಆ ಕೆಲಸ ನನಗೆ ಒಗ್ಗಿದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಮುಚ್ಚಿದ ಜಾಗ ಅಂದರೆ ನನಗೆ ಆಗುವುದಿಲ್ಲ. ಲಿಫ್ಟ್ ಹತ್ತುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಸಿಗದಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತೇನೆ. ಒಮ್ಮೆ ಬೆನ್ನುನೋವಿಗೆ ಸ್ಕ್ಯಾನ್ ಮಾಡಿಸಲು ಹೋಗಿ, ಆ ಯಂತ್ರದ ಕೊಳವೆಯೊಳಗೆ ತಲೆ ಹೋಗುತ್ತಿದ್ದಂತೆಯೇ ಕೂಗಿ ಎದ್ದು ಬಂದವಳು. ಚಿಕ್ಕಂದಿನಲ್ಲಿ ಏನೋ ಆಗಿರಬೇಕು, ನೆನಪು ಮಾಡಿಕೋ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಹುಡುಕಿದೆ. ಅಂಥದ್ದೇನೂ ಸಿಗಲಿಲ್ಲ. ನಾನು ಇರುವುದೇ ಹಾಗೆ.

ದೀಪಾವಳಿ ಮುಗಿದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಒಂದು ದಿನ ಹಂಪಿಯ ನೆಲದೊಳಗಿನ ಶಿವನ ಗುಡಿ, ಸಂಡೂರಿನ ಗುಡ್ಡದ ಗವಿ, ಆಮೇಲೆ ಸಂಡೂರು ಊರು ನೋಡಿಕೊಂಡು ಬರುವುದೆಂದು ಅವರೂ ನನ್ನ ಗಂಡನೂ, ತಾಯಿ-ಮಗ ಕೂಡಿ ನಿಕ್ಕಿ ಮಾಡಿದರು. ನನಗೆ ಸಮಾಧಾನವೇ ಇತ್ತು: ಗವಿಯೊಳಗೆ ಅವರಿಬ್ಬರೂ ಹೋಗಲಿ, ನಾನು ಹೊರಗೆ ಮರದ ನೆರಳಿಗೆ ಚಪ್ಪಲಿ ಕಾಯುತ್ತ ಕೂರುತ್ತೇನೆ. ಆದರೆ ಹೊರಡುವ ದಿನವೇ ಫ್ಯಾಕ್ಟರಿಯಿಂದ ಕರೆ ಬಂತು. ಯಾರೋ ರಜೆ ಹಾಕಿದ್ದರು, ನನ್ನ ಗಂಡ ಬೆಳಗಿನ ಪಾಳಿಗೆ ಹೋಗಲೇಬೇಕಾಯಿತು.

"ಇನ್ನೊಂದಿನ ಹೋಗಾನ ತಗೊಳ್ರಿ ಅತ್ತಿ," ಅಂದೆ. ಅಷ್ಟೊತ್ತಿಗೆ ಅವರು ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾಗಿತ್ತು.

"ಅಂವ ಇಲ್ಲಂದ್ರ ಗವಿ ಓಡಿ ಹೊಕ್ಕೈತೇನು? ನೀ ಅದಿಯಲ್ಲ, ನಡಿ," ಅಂದರು.

ಕಾರು ನಮ್ಮ ಓಣಿಯವರದೇ. ಐವತ್ತು ದಾಟಿದ ಮನುಷ್ಯ, ಬಾಡಿಗೆಗೆ ಓಡಿಸುತ್ತಾರೆ. ಮಾತು ಕಡಿಮೆ, ಕಾರಿನ ಮೇಲೆ ಪ್ರೀತಿ ಜಾಸ್ತಿ. ಸಂಡೂರಿನ ಕಡೆ ಅದಿರಿನ ಧೂಳು ಕೂರುತ್ತದೆಂದು ಬೂದುಬಣ್ಣದ ಕವರನ್ನೂ ಮಡಚಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ನಾನು ನನ್ನ ಚೀಲ ತುಂಬಿಕೊಂಡೆ. ಜ್ವರದ ಗುಳಿಗೆ, ವಾಂತಿ ಗುಳಿಗೆ, ಅಲರ್ಜಿ ಗುಳಿಗೆ, ಉಪ್ಪು-ಸಕ್ಕರೆಯ ಪುಡಿ, ಬ್ಯಾಂಡೇಜು, ಟಾರ್ಚು. ಅತ್ತೆ ಬಗ್ಗಿ ನೋಡಿ, "ದವಾಖಾನಿಗೆ ಹೊಂಟೀವೇನಬೇ?" ಅಂತ ನಕ್ಕರು.

ಹಂಪಿಯ ಆ ಗುಡಿ ಇರುವುದೇ ನೆಲದ ಮಟ್ಟಕ್ಕಿಂತ ಕೆಳಗೆ. ಮೆಟ್ಟಿಲಿಳಿದು ಹೋದರೆ ಅಂಗಳ, ಅದರಾಚೆ ತಗ್ಗು ಮಾಡಿನ ಮಂಟಪ, ಅದರಾಚೆ ಕತ್ತಲು. ಆ ಸಲ ಮಳೆ ಚೆನ್ನಾಗಿ ಆಗಿದ್ದರಿಂದ ಒಳಗೆ ಮೊಣಕಾಲುದ್ದ ನೀರು ನಿಂತಿತ್ತು. ಬಾವಲಿಯ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ನಾನು ಕೆಳಗಿನ ಮೆಟ್ಟಿಲಲ್ಲೇ ನಿಂತೆ. ಅತ್ತೆ ಸೀರೆಯನ್ನು ಕಚ್ಚೆಯಂತೆ ಎತ್ತಿ ಸಿಕ್ಕಿಸಿ, ನಾಟಿಗೆ ಇಳಿಯುವವರ ಹಾಗೆ ಸಲೀಸಾಗಿ ನೀರಿಗೆ ಇಳಿದರು. ಚಳಬಳ ಸದ್ದು ದೂರವಾಗುತ್ತ ಹೋಯಿತು. ಆಮೇಲೆ ಸದ್ದೇ ಇಲ್ಲ.

"ಅತ್ತೀ," ಅಂತ ಕೂಗಿದೆ. ನನ್ನ ದನಿಯೇ ಕಲ್ಲಿಗೆ ಬಡಿದು ವಾಪಸು ಬಂತು.

ಮತ್ತೆ ಕೂಗಿದೆ. ಜಾರಿ ಬಿದ್ದಿರಬಹುದು, ತಲೆಗೆ ಕಲ್ಲು ತಗುಲಿರಬಹುದು, ನೀರು ಕುಡಿಯುತ್ತಿರಬಹುದು. ನನ್ನ ತಲೆ ಇಂಥದ್ದಕ್ಕೆಲ್ಲ ಬಹಳ ಬೇಗ ಚಿತ್ರ ಬರೆಯುತ್ತದೆ. ಕಾಲು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಮಾಡಿನ ಕಲ್ಲು ನನ್ನ ಎದೆಯ ಮೇಲೇ ಕೂತಂತೆ ಆಗಿ, ಪಕ್ಕದ ಗೋಡೆ ಹಿಡಿದು ನಿಂತೆ. ಅಷ್ಟರಲ್ಲಿ ಒಳಗಿನಿಂದ, "ಯಾಕ ಹಂಗ ಒದರತೀ? ದೇವರಿಗೆ ಕೈ ಮುಗಿಯಾಕತ್ತಿದ್ದೆ!" ಅನ್ನುವ ದನಿ ಬಂತು.

ಮೇಲೆ ಬಂದು ಕಾಲು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದರು. ನಗಲಿಲ್ಲ. "ಮುಂದಿನ ಗವಿಗೆ ನೀ ಬರಬ್ಯಾಡ. ಹೊರಗ ಕುಂದ್ರು," ಅಂದರು.

ಆ ಮಾತಿನಲ್ಲಿ ಬೇಸರವಿರಲಿಲ್ಲ. ಆದರೂ ನನಗೆ ಚುಚ್ಚಿತು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರೂ ನಾವಿಬ್ಬರೂ ಒಬ್ಬರೊಡನೊಬ್ಬರು ಹೆಚ್ಚು ಹೊತ್ತು ಒಂಟಿಯಾಗಿ ಇದ್ದವರಲ್ಲ. ಜಗಳವಿಲ್ಲ, ಸಲಿಗೆಯೂ ಇಲ್ಲ. ನಡುವೆ ಯಾವಾಗಲೂ ನನ್ನ ಗಂಡ ಇರುತ್ತಿದ್ದ.

ಕಮಲಾಪುರದಲ್ಲಿ ವಗ್ಗಾಣಿ-ಮಿರ್ಚಿ ತಿಂದು, ಹೊಸಪೇಟೆ ದಾಟಿ ಸಂಡೂರಿನ ದಾರಿ ಹಿಡಿದೆವು. ಘಾಟಿನಲ್ಲಿ ಅದಿರು ಲಾರಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ರಸ್ತೆಪಕ್ಕದ ಗಿಡಗಳ ಎಲೆಯೆಲ್ಲ ಕಾವಿ ಬಳಿದಂತೆ ಕೆಂಪು. ಆಮೇಲೆ ಒಂದು ತಿರುವಿನಲ್ಲಿ ಧೂಳು ಹಿಂದೆ ಉಳಿದು, ಕೆಳಗೆ ಕಣಿವೆಯಲ್ಲಿ ಊರು ಕಾಣಿಸಿತು. ಸುತ್ತಲೂ ಹಸಿರು ಗುಡ್ಡ, ನಡುವೆ ಮರಗಳ ಗುಂಪು, ಮರಗಳ ನಡುವೆ ಹಂಚಿನ ಮಾಡುಗಳು. ಇಷ್ಟು ಹತ್ತಿರ ಇದ್ದೂ ಹೊಸಪೇಟೆಯ ಗದ್ದಲ ಇಲ್ಲಿಗೆ ಬಂದೇ ಇಲ್ಲವಲ್ಲ ಅನ್ನಿಸಿತು. ಮನೆಗಳ ಮುಂದೆ ಲಂಬಾಣಿ ಹೆಂಗಸರು ಕಸೂತಿ ಹಾಕುತ್ತ ಕೂತಿದ್ದರು, ಬಟ್ಟೆಯ ಮೇಲಿನ ಕನ್ನಡಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಅತ್ತೆ ಕಿಟಕಿಯಿಂದ ಅರ್ಧ ಹೊರಗೇ ಇದ್ದರು.

"ಎಷ್ಟ್ ಚಂದೈತಿ ನೋಡು ಊರು! ಮೊದಲ ಗವಿ ನೋಡಿ ಬಂದು ಆಮ್ಯಾಲೆ ಇಲ್ಲೆಲ್ಲಾ ಅಡ್ಡಾಡಾನ."

ನನಗೂ ಚಂದ ಕಂಡಿತು. ಆದರೆ ನಾನು ಸುತ್ತಲಿನ ಗುಡ್ಡಗಳನ್ನೇ ನೋಡುತ್ತಿದ್ದೆ. ಯಾವ ಕಡೆ ತಿರುಗಿದರೂ ಗುಡ್ಡ. ಊರಿನಿಂದ ಹೊರಗೆ ಹೋಗುವ ದಾರಿ ಯಾವುದು ಎಂದು ಮನಸ್ಸು ಆಗಲೇ ಹುಡುಕಲು ಶುರು ಮಾಡಿತ್ತು.

ಗವಿ ಊರಿನಿಂದ ಸ್ವಲ್ಪ ದೂರ. ಮಣ್ಣಿನ ರಸ್ತೆ ಮುಗಿಯುವಲ್ಲಿ ಒಂದು ಹುಣಸೆಮರದ ಕೆಳಗೆ ಕಾರು ನಿಂತಿತು. ಅಲ್ಲಿಂದ ಕಾಲುದಾರಿ. ಮೇಲೆ ಚಾಚಿಕೊಂಡಿದ್ದ ಕರಿ-ಕೆಂಪು ಬಂಡೆಯ ಅಡಿಯಲ್ಲಿ ಹೆಜ್ಜೇನಿನ ಹುಟ್ಟುಗಳು ಮೊರದಷ್ಟು ದೊಡ್ಡದಾಗಿ ಜೋತುಬಿದ್ದಿದ್ದವು. ಕಾರಿನವರು ಕೈಯೆತ್ತಿ ತೋರಿಸಿ, "ಮೇಡಂ, ಅವುನ್ನ ಏನೂ ಮಾಡಲಿಲ್ಲಂದ್ರ ಅವೂ ಏನೂ ಮಾಡಂಗಿಲ್ಲ. ಸುಮ್ನ ಹೋಗಿ ಬರ್ರಿ, ನಾ ಇಲ್ಲೇ ಇರ್ತೀನಿ," ಅಂದರು.

ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಅತ್ತೆ ಅದನ್ನು ಕಿತ್ತು ಸೀಟಿನ ಮೇಲೆ ಎಸೆದರು. "ಮ್ಯಾಲೆ ತನಕ ಹೊರಾಕ ನಿನಗೇನು ಹುಚ್ಚೇನು? ಟಾರ್ಚ್ ಒಂದು ಸಾಕು."

ಗವಿಯ ಬಾಯಿ ಎರಡು ಬಂಡೆಗಳ ನಡುವಿನ ಸಂದು. ಒಳಗೆ ಸ್ವಲ್ಪ ದೂರ ಬಗ್ಗಿ ನಡೆಯಬೇಕು, ಆಮೇಲೆ ಮಂಡಿಯೂರಿ ತೆವಳಬೇಕು, ಅದಾದ ಮೇಲೆ ನಿಲ್ಲಲು ಬರುವಂಥ ಒಂದು ಕೋಣೆ ಇದೆ, ಅಲ್ಲಿ ಲಿಂಗವಿದೆ ಎಂದು ಕೆಳಗೆ ಸಿಕ್ಕ ಕುರಿ ಕಾಯುವವರು ಹೇಳಿದ್ದರು. ಅತ್ತೆ ಸೆರಗು ಕಟ್ಟಿ ಬಗ್ಗಿದರು. ನಾನು ಹೊರಗೆ ಕಲ್ಲಿನ ಮೇಲೆ ಕೂತೆ. ಅವರ ಸೀರೆಯ ಅಂಚು ಕತ್ತಲಲ್ಲಿ ಮರೆಯಾಯಿತು. ಬೆಳಿಗ್ಗೆಯ ಆ ಸದ್ದಿಲ್ಲದ ಹೊತ್ತು ನೆನಪಾಯಿತು. ಕೂರಲು ಆಗಲಿಲ್ಲ. ಒಳಗೆ ಹೋಗುವ ಭಯಕ್ಕಿಂತ ಹೊರಗೆ ಕೂತು ಕೂಗುವ ಭಯ ದೊಡ್ಡದು ಅನ್ನಿಸಿ, ಕಣ್ಣು ಮುಚ್ಚಿಕೊಂಡು ನಾನೂ ನುಗ್ಗಿದೆ.

ತೆವಳುವ ಜಾಗದಲ್ಲಿ ಬೆನ್ನಿಗೆ ಕಲ್ಲು ತಾಗಿತು. ಅಷ್ಟೇ ಸಾಕಾಯಿತು. ಮುಂದೆ ಹೋಗಲೂ ಆಗದೆ ಹಿಂದೆ ಸರಿಯಲೂ ಆಗದೆ ಹಾಗೇ ಬಿದ್ದಿದ್ದೆ. ಮುಂದಿನಿಂದ ಒಂದು ಕೈ ಬಂದು ನನ್ನ ಮುಂಗೈ ಹಿಡಿಯಿತು.

"ಬಂದೀಯಾ? ಬಾ, ಇಲ್ಲೇ ಐತಿ ಬಯಲು. ನನ್ನ ಕೈಯಷ್ಟ ನೋಡು," ಅಂದರು ಅತ್ತೆ.

ಒಳಗಿನ ಕೋಣೆಯಲ್ಲಿ ನಮಗಿಂತ ಮೊದಲೇ ಒಂದು ಜೋಡಿ ಇತ್ತು. ಕೊಪ್ಪಳದ ಕಡೆಯವರಂತೆ, ಹೊಸದಾಗಿ ಮದುವೆಯಾದವರು. ಹುಡುಗಿಯ ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಗೋಡೆಯಿಂದ ನೀರು ಜಿನುಗಿ ಲಿಂಗದ ಮೇಲೆ ಬೀಳುತ್ತಿತ್ತು. ಅತ್ತೆ ತಲೆಯೆತ್ತಿ, ಮಾಡಿನ ಮೇಲೆ ಟಾರ್ಚಿನ ಬೆಳಕನ್ನು ನಿಧಾನವಾಗಿ ಆಡಿಸುತ್ತ ನಿಂತರು. ಕಲ್ಲಿನಲ್ಲಿ ಕೆಂಪು, ಹಳದಿ, ಉಕ್ಕಿನ ಬಣ್ಣದ ಗೆರೆಗಳು ಪದರಪದರವಾಗಿದ್ದವು. "ಯವ್ವಾ, ನೆಲದಾಗೂ ಸೀರಿ ಐತಲ್ಲಬೇ," ಅಂದರು. ಅವರ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಾನು ಮಾತ್ರ ಯಾವಾಗ ಹೊರಡುತ್ತೇವೆ ಎಂದಷ್ಟೇ ಕಾಯುತ್ತಿದ್ದೆ.

ಹುಡುಗ ಫೋನಿಗೆ ಸಿಗ್ನಲ್ ನೋಡಿ ಬರುತ್ತೇನೆಂದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಯಾರೋ ಕಿರುಚಿದ ಸದ್ದು ಕೇಳಿತು. ಆಮೇಲೆ ಸಂದಿನಲ್ಲಿ ಯಾರೋ ಧಡಧಡ ಬಿದ್ದುಕೊಂಡು ಬರುವ ಸದ್ದು. ಆ ಹುಡುಗನೇ. ಎರಡೂ ಕೈಯಿಂದ ತಲೆ ಬಡಿದುಕೊಳ್ಳುತ್ತಿದ್ದ.

"ಜೇನೆದ್ದಾವು! ಹೊರಗ ಬರಬ್ಯಾಡ್ರಿ!"

ಜೇನು ಯಾಕೆ ಎದ್ದವೋ ಇವತ್ತಿಗೂ ನನಗೆ ಗೊತ್ತಿಲ್ಲ. ಯಾರೋ ಡ್ರೋನ್ ಹಾರಿಸಿದ್ದರು ಎಂದು ಕೆಲವರು, ಯಾರೋ ಹೊಗೆ ಹಾಕಿದ್ದರು ಎಂದು ಕೆಲವರು ಆಮೇಲೆ ಹೇಳಿದರು. ಆಗ ನನಗೆ ಕಂಡದ್ದು ಇಷ್ಟೇ: ಅವನ ಹಿಂದೆಯೇ ಹುಳುಗಳು ಒಳಗೆ ಬಂದವು, ನೇರವಾಗಿ ಟಾರ್ಚಿನ ಕಡೆಗೆ ಬಂದವು. "ಲೈಟ್ ಆರ್ಸ್ರಿ, ಲೈಟ್ ಆರ್ಸ್ರಿ," ಅಂತ ಹುಡುಗ ಕೂಗಿದ. ಅತ್ತೆಯ ಕೈಯ ಟಾರ್ಚು ಕೂಡಲೇ ಆರಲಿಲ್ಲ, ಗುಂಡಿ ಸಿಗಲಿಲ್ಲವೇನೋ. ಆರುವ ಮೊದಲು ಅವರು ಒಂದು ಕೆಲಸ ಮಾಡಿದರು. ಸೊಂಟದಿಂದ ಸೆರಗು ಬಿಚ್ಚಿ ನನ್ನ ಮತ್ತು ಆ ಹುಡುಗಿಯ ತಲೆಯ ಮೇಲೆ ಎಳೆದು, ನಮ್ಮನ್ನು ಗೋಡೆಗೆ ಒತ್ತಿ ಕೂರಿಸಿದರು. ಆಮೇಲೆ ಕತ್ತಲಾಯಿತು.

ಎಷ್ಟು ಹೊತ್ತು ಕೂತಿದ್ದೆವೋ ಹೇಳಲಾರೆ. ಕತ್ತಲಲ್ಲಿ ಗುಂಯ್ ಎನ್ನುವ ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಹುಡುಗಿ ಸಣ್ಣಗೆ ಅಳುತ್ತಿದ್ದಳು. ಹುಡುಗ ಮೂಲೆಯಲ್ಲಿ ನರಳುತ್ತಿದ್ದ. ಅತ್ತೆ ಒಮ್ಮೆ "ಹಾ" ಅಂದರು, ಇನ್ನೊಮ್ಮೆ ಅಂದರು, ಕೈ ಬೀಸಲಿಲ್ಲ. ನನಗೆ ಉಸಿರಾಡಲು ಗಾಳಿಯೇ ಇಲ್ಲ ಅನ್ನಿಸಿತು. ಮೇಲೆ ಇಡೀ ಗುಡ್ಡ, ಕೆಳಗೆ ಕಲ್ಲು, ಬಾಗಿಲಲ್ಲಿ ಜೇನು. ಕಿರುಚಿ ಎದ್ದು ಓಡಿಬಿಡುತ್ತೇನೆ, ಈಗ ಓಡಿಬಿಡುತ್ತೇನೆ ಅಂದುಕೊಳ್ಳುತ್ತಲೇ ಇದ್ದೆ. ಆಗ ಪಕ್ಕದಲ್ಲಿ ಒಂದು ಸಣ್ಣ ಸಿಳ್ಳೆಯಂಥ ಸದ್ದು ಕೇಳಿತು.

ಅದು ಅತ್ತೆಯ ಉಸಿರು.

"ಅತ್ತಿ, ಏನಾಕತ್ತೈತ್ರಿ?"

"ಏನಿಲ್ಲ... ಗಂಟಲು ಬಿಗಿದಂಗ ಆಗಾಕತ್ತೈತಿ."

ಮಾತು ತೊದಲುತ್ತಿತ್ತು. ಕತ್ತಲಲ್ಲಿ ಕೈಯಾಡಿಸಿ ಅವರ ಮುಖ ಮುಟ್ಟಿದೆ. ತುಟಿ ಊದಿತ್ತು. ಕಣ್ಣಿನ ಸುತ್ತ ಊದಿತ್ತು. ಕುತ್ತಿಗೆಯ ಮೇಲೆ ದದ್ದು ಎದ್ದಿದ್ದವು. ಕೆಲವರ ಮೈಗೆ ಜೇನಿನ ವಿಷ ಆಗಿಬರುವುದಿಲ್ಲ. ಗಂಟಲು ಊದಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಆಗ ಬೇಕಾದ್ದು ಒಂದು ಇಂಜೆಕ್ಷನ್, ಅದೂ ಜಲ್ದಿ. ನನ್ನ ಕೆಲಸದಲ್ಲಿ ಇದು ಗೊತ್ತಿರಲೇಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಗೊತ್ತಿಲ್ಲದವಳು ಜೇನು ಕೂರುವವರೆಗೆ ಕಾಯುತ್ತಿದ್ದಳು. ನಾನು ಕಾಯುವಂತಿರಲಿಲ್ಲ.

"ನಡ್ರಿ, ಹೊರಗ ಹೋಗಬೇಕು," ಅಂದೆ.

"ಹುಳ ಅದಾವಬೇ..."

"ಇರಲ್ರಿ. ನೀವು ಏಳ್ರಿ."

ಆ ಹುಡುಗ-ಹುಡುಗಿಗೆ ಅಲ್ಲೇ ಕತ್ತಲಲ್ಲಿ ಕೂತಿರಲು ಹೇಳಿದೆ. ಹುಡುಗನನ್ನು ಕೇಳಿದೆ, ಉರಿ ಇದೆ, ಉಸಿರಾಟಕ್ಕೆ ತೊಂದರೆ ಇಲ್ಲ ಅಂದ. ನನ್ನ ವೇಲನ್ನು ಅತ್ತೆಯ ತಲೆ-ಮುಖಕ್ಕೆ ಸುತ್ತಿದೆ. ಅವರನ್ನು ಮುಂದೆ ಬಿಟ್ಟು ಹಿಂದಿನಿಂದ ನೂಕುತ್ತ ಆ ಸಂದಿನಲ್ಲಿ ತೆವಳಿದೆ. ಬೆನ್ನಿಗೆ ಮತ್ತೆ ಕಲ್ಲು ತಾಗಿತು. ನನ್ನ ಹೆದರಿಕೆ ಎಲ್ಲಿಯೂ ಹೋಗಿರಲಿಲ್ಲ. ಆದರೆ ಕಿವಿ ಮಾತ್ರ ಅವರ ಆ ಸಿಳ್ಳೆಯ ಉಸಿರಿಗೆ ಅಂಟಿಕೊಂಡಿತ್ತು. ಅದು ಕೇಳಿದರೆ ಮುಂದೆ ತೆವಳುತ್ತಿದ್ದೆ. ಒಂದು ಕಡೆ ಅದು ನಿಂತಂತಾಯಿತು. "ಅತ್ತಿ!" ಅಂತ ಕಾಲು ಅಲುಗಾಡಿಸಿದೆ. ಮತ್ತೆ ಶುರುವಾಯಿತು.

ಬೆಳಕು ಕಂಡಿತು. ಗವಿಯ ಬಾಯಿಯಲ್ಲಿ ಹುಳುಗಳು ಸುತ್ತುತ್ತಿದ್ದವು. ಕಾಲುದಾರಿಯಲ್ಲಿ ಬೂದುಬಣ್ಣದ ಒಂದು ದೊಡ್ಡ ಮುದ್ದೆ ಏದುಸಿರು ಬಿಡುತ್ತ ಮೇಲೆ ಬರುತ್ತಿತ್ತು. ಒಂದು ಕ್ಷಣ ನನಗೆ ಏನೆಂದೇ ತಿಳಿಯಲಿಲ್ಲ. ಆಮೇಲೆ ಅದರೊಳಗಿನಿಂದ, "ಮೇಡಂ! ಅವ್ವಾ! ಎಲ್ಲಿದ್ದೀರಿ?" ಎಂಬ ಕೂಗು ಬಂತು. ಕಾರಿನವರು ಕಾರಿನ ಕವರನ್ನು ಮೈತುಂಬ ಹೊದ್ದುಕೊಂಡು ಬಂದಿದ್ದರು.

"ಅಣ್ಣಾ, ಇಲ್ಲಿ! ಅತ್ತಿಗೆ ಉಸಿರು ಕಟ್ಟಾಕತ್ತೈತಿ!"

ಅವರು ಕವರು ಎತ್ತಿದರು, ನಾವು ಒಳಗೆ ಸೇರಿಕೊಂಡೆವು. ಮೂವರೂ ಒಂದೇ ಕವರಿನೊಳಗೆ, ಅತ್ತೆಯನ್ನು ನಡುವೆ ಹಿಡಿದು, ಕಾಲಡಿಯ ಒಂದು ಮೊಳ ನೆಲವನ್ನಷ್ಟೇ ನೋಡುತ್ತ ಗುಡ್ಡ ಇಳಿದೆವು. ಪ್ಲಾಸ್ಟಿಕ್ಕಿನ ಬಿಸಿ ವಾಸನೆ. ಹೊರಗಿನಿಂದ ಹುಳುಗಳು ಬಂದು ಕವರಿಗೆ ಆಲಿಕಲ್ಲಿನ ಹಾಗೆ ಬಡಿಯುತ್ತಿದ್ದವು. ಅರ್ಧ ದಾರಿಯಲ್ಲಿ ಅತ್ತೆಯ ಕಾಲು ಸೋತಿತು. ಕಾರಿನವರು ಅವರನ್ನು ಬೆನ್ನಮೇಲೆ ಹೊತ್ತರು, ನಾನು ಕವರು ಹಿಡಿದೆ.

ಕಾರಿನಲ್ಲಿ ಕೂತ ಕೂಡಲೇ ಚೀಲದಿಂದ ಅಲರ್ಜಿ ಗುಳಿಗೆ ತೆಗೆದೆ. ಅತ್ತೆಗೆ ನುಂಗಲು ಆಗಲಿಲ್ಲ, ನೀರು ಗಲ್ಲದ ಮೇಲೆ ಹರಿಯಿತು. ಅವರ ಮುಖ ಗುರುತು ಸಿಗದಷ್ಟು ಊದಿತ್ತು. ತಲೆಯನ್ನು ನನ್ನ ಭುಜಕ್ಕೆ ಆನಿಸಿಕೊಂಡು ಕೂತೆ. ಗಂಡನಿಗೆ ಫೋನು ಹಚ್ಚಿದೆ. ಪಾಳಿಯಲ್ಲಿ ಫೋನು ಒಳಗೆ ಒಯ್ಯುವಂತಿಲ್ಲ, ಅದು ಗೊತ್ತಿದ್ದೂ ಹಚ್ಚುತ್ತಲೇ ಇದ್ದೆ.

"ಮಾತಾಡ್ರಿ ಅತ್ತಿ, ಏನಾರ ಮಾತಾಡ್ರಿ," ಅಂದೆ.

ಮಾತು ಬರಲಿಲ್ಲ. ನನ್ನ ಕೈ ಒತ್ತಿದರು. ಆಮೇಲೆ ಆ ಒತ್ತುವುದೂ ಸಡಿಲವಾಯಿತು.

ಊರು ಬಂತು. ಪೇಟೆಯ ರಸ್ತೆಯಲ್ಲಿ ತರಕಾರಿ ಗಾಡಿ, ಸೈಕಲ್ಲು, ಆಟೋ. ಕಾರಿನವರು ಹಾರ್ನ್ ಒತ್ತಿ ಹಿಡಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜೇನು ಕಡದಾವು, ದಾರಿ ಬಿಡ್ರೀ!" ಎಂದು ಕೂಗಿದರು. ಜನ ಕೇಳಿದರು. ಹಣ್ಣಿನ ಗಾಡಿಯವನು ತನ್ನ ಗಾಡಿಯನ್ನು ಚರಂಡಿಯ ಅಂಚಿಗೆ ಎಳೆದುಕೊಂಡ, ಎರಡು ಬಾಳೆಗೊನೆ ಕೆಳಗೆ ಬಿದ್ದವು, ಅವನು ನೋಡಲೇ ಇಲ್ಲ. ಯಾರೋ ಬೈಕಿನವನು ಮುಂದೆ ಮುಂದೆ ಹೋಗುತ್ತ ಕೈಬೀಸಿ ಆಸ್ಪತ್ರೆಯ ದಾರಿ ತೋರಿಸಿದ. ನಾವು ಬಾಗಿಲು ಮುಟ್ಟುವಷ್ಟರಲ್ಲಿ ಅವನೇ ಒಳಗೆ ಹೋಗಿ ಸ್ಟ್ರೆಚರ್ ತರಿಸಿಯಾಗಿತ್ತು.

ನರ್ಸಮ್ಮ ಮುಖ ನೋಡಿದವರೇ ಏನೂ ಕೇಳದೆ ತೊಡೆಗೆ ಇಂಜೆಕ್ಷನ್ ಕೊಟ್ಟರು. ಡಾಕ್ಟರು ಓಡಿಬಂದರು. ಮೂಗು-ಬಾಯಿಗೆ ಆಕ್ಸಿಜನ್ ಇಟ್ಟರು. ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಹಸಿರು ಪರದೆಯ ಕೆಳಗೆ ಅವರ ಚಪ್ಪಲಿಗಳ ಓಡಾಟವಷ್ಟೇ ಕಾಣುತ್ತಿತ್ತು. ಕಾರಿನವರು ಗೋಡೆಗೆ ಒರಗಿ, ತಮ್ಮ ಊದಿದ ಕಿವಿ ಹಿಡಿದುಕೊಂಡು ನಿಂತಿದ್ದರು. ಇಂಜೆಕ್ಷನ್ ತಡವಾದರೆ ಏನಾಗುತ್ತದೆ ಎಂದು ಓದಿದ್ದೆಲ್ಲ, ಒಂದು ಸಾಲೂ ಬಿಡದೆ, ನನ್ನ ತಲೆಯೊಳಗೆ ಸುತ್ತುತ್ತಿತ್ತು.

ಕಡೆಗೆ ಡಾಕ್ಟರು ಪರದೆ ಸರಿಸಿದರು. "ಉಸಿರು ಸರಿ ಆಗಾಕತ್ತೈತಿ. ಇನ್ನೊಂದೀಟು ಹೊತ್ತಾಗಿದ್ರ ಕಷ್ಟ ಇತ್ತು. ಇವತ್ತು ಇಲ್ಲೇ ಇರ್ಲಿ. ಬರ್ರಿ, ಈಗ ನಿಮ್ಮ ಕೈ ತೋರಿಸ್ರಿ."

ನನ್ನ ಕೈ ನೋಡಿಕೊಂಡೆ. ಎರಡೂ ಮುಂಗೈ ಊದಿದ್ದವು, ಜೇನಿನ ಮುಳ್ಳು ಇನ್ನೂ ಹಾಗೇ ಇದ್ದವು. ಅಲ್ಲಿಯವರೆಗೆ ನೋವೇ ಗೊತ್ತಾಗಿರಲಿಲ್ಲ. ನೋಡಿದ ಮೇಲೆ ಉರಿ ಹತ್ತಿ, ಅಲ್ಲೇ ಬೆಂಚಿನ ಮೇಲೆ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ. ನರ್ಸಮ್ಮ ಒಂದು ಕಾರ್ಡಿನ ಅಂಚಿನಿಂದ ಮುಳ್ಳು ಕೆರೆದು ತೆಗೆಯುತ್ತ, "ಅಳ್ರಿ, ಅಳ್ರಿ, ಹಗುರಾಗತೈತಿ," ಅಂದರು.

ಸಂಜೆ ಆಸ್ಪತ್ರೆಯ ಎದುರಿನ ಸಣ್ಣ ಹೋಟೆಲಿನಿಂದ ಒಬ್ಬ ಹೆಂಗಸು ಗಂಜಿ ಮಾಡಿಕೊಂಡು ಬಂದಳು. ಅವಳಿಗೆ ಸುದ್ದಿ ಯಾರು ಹೇಳಿದರೋ ಏನೋ, ಊರಿಗೆಲ್ಲ ಆಗಲೇ ಗೊತ್ತಾಗಿತ್ತು. ಆ ಜೋಡಿಯೂ ಬಂತು. ಹೊತ್ತು ಮುಳುಗುತ್ತ ಜೇನು ಕೂತ ಮೇಲೆ ಊರವರು ಹೋಗಿ ಕರೆತಂದಿದ್ದರು. ಹುಡುಗನ ಮುಖವೆಲ್ಲ ಬಾತಿತ್ತು, ಜೀವಕ್ಕೆ ಏನೂ ಇರಲಿಲ್ಲ. ಹುಡುಗಿ ಮಾತ್ರ ಒಂದು ಹುಳುವೂ ಕಡಿಯದೆ ಬಂದಿದ್ದಳು. ಅತ್ತೆಯ ಮಂಚದ ಪಕ್ಕ ಕೂತು ಅವರ ಪಾದ ಹಿಡಿದುಕೊಂಡಳು. ಅತ್ತೆಗೆ ಕಣ್ಣು ಬಿಡಲು ಬರುತ್ತಿರಲಿಲ್ಲ. "ಯಾರವ್ವ ನೀನು?" ಅಂತ ಕೇಳಿ, ತಿಳಿದ ಮೇಲೆ, "ನಿನ್ನ ಮಾರಿ ಕಾಣವಲ್ದು, ನಾಳೆ ಬಾ, ನೋಡ್ತೀನಿ," ಅಂದರು.

ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ಬಂದ. ಮೈಮೇಲೆ ಫ್ಯಾಕ್ಟರಿಯ ಬಟ್ಟೆಯೇ ಇತ್ತು. ತಾಯಿಯ ಮುಖ ನೋಡಿದ, ನನ್ನ ಕಡೆ ತಿರುಗಿದ, ದನಿ ಏರಿತು.

"ನಿನಗರ ತಿಳಿಬಾರದಾ? ಇಷ್ಟು ವಯಸ್ಸಾದಾಕೀನ ಅಂಥಾ ಜಾಗಕ್ಕ ಯಾಕ ಕರ್ಕೊಂಡು ಹೋದಿ?"

ಮಂಚದಿಂದ ಅತ್ತೆ ಆಕ್ಸಿಜನ್ನಿನ ಮುಖವಾಡ ಸರಿಸಿ, ತೊದಲುತ್ತಲೇ ಹೇಳಿದರು: "ಲೇ, ನಾನಽ ಕರ್ಕೊಂಡು ಹೋದದ್ದು. ಹೊರಗ ಕರ್ಕೊಂಡು ಬಂದಾಕಿ ಅಕಿ. ಸುಮ್ನ ಕುಂದ್ರು."

ಅವನು ಕೂತ. ನನ್ನ ಊದಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡ.

ಮರುದಿನ ಬಿಡುವಾಗ ಡಾಕ್ಟರು ಎಚ್ಚರಿಕೆ ಕೊಟ್ಟರು. ಇನ್ನೊಮ್ಮೆ ಕಡಿದರೆ ಇದಕ್ಕಿಂತ ಜೋರಾಗಿ ಆಗಬಹುದು, ಹತ್ತಿರದಲ್ಲೇ ಇಂಜೆಕ್ಷನ್ ಇರಲಿ ಅಂದರು. ಅತ್ತೆ ಕಂಪ್ಲಿಗೆ ಹೋದರು. ಅಲ್ಲಿ ಮನೆಯ ಹಿಂದೆ ಬಾಳೆತೋಟ, ಆಚೆ ಹೊಳೆ. ಬಾಳೆಹೂವಿಗೆ ಜೇನು ಬರದೆ ಇರುತ್ತದೆಯೇ? ನಾನು ಹೋಗಿ ಮೊದಲು ಇಂಜೆಕ್ಷನ್ನನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿ ಇಟ್ಟೆ, ಅದನ್ನು ಫ್ರಿಜ್ಜಿನಲ್ಲಿ ಇಡಬಾರದು ಎಂದು ನನಗೇ ಗೊತ್ತಿದ್ದದ್ದು ಗಾಬರಿಯಲ್ಲಿ ಮರೆತುಹೋಗಿತ್ತು. ಆಮೇಲೆ ಕಪಾಟಿನಲ್ಲಿಟ್ಟು, ಅದನ್ನು ಚುಚ್ಚುವುದು ಹೇಗೆಂದು ಓರಗಿತ್ತಿಗೆ ಎರಡೆರಡು ಸಲ ಹೇಳಿಕೊಟ್ಟು ಬಂದೆ. ಆದರೂ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಫೋನು ಮಾಡುತ್ತೇನೆ. ಎತ್ತಲು ತಡವಾದರೆ ನನ್ನ ತಲೆ ಮತ್ತೆ ಚಿತ್ರ ಬರೆಯಲು ಶುರುಮಾಡುತ್ತದೆ. ಅವರು ಎತ್ತಿ, "ಅದೀನಿ, ಅದೀನಿ," ಅನ್ನುತ್ತಾರೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. "ಆ ಊರು ನೋಡೂದು ಉಳದೈತಲ್ಲಬೇ," ಅಂದರು.

ಗವಿ ಬೇಡ, ಬರೀ ಊರು ಎಂದು ಮಾತು ತೆಗೆದುಕೊಂಡು ಹೋದೆವು. ಇಬ್ಬರೇ, ಬಸ್ಸಿನಲ್ಲಿ. ಆಸ್ಪತ್ರೆಗೆ ಹೋಗಿ ನರ್ಸಮ್ಮನನ್ನು ಮಾತಾಡಿಸಿದೆವು. ಮರಗಳ ಕೆಳಗಿನ ರಸ್ತೆಯಲ್ಲಿ ನಿಧಾನಕ್ಕೆ ನಡೆದೆವು. ಹಳೇ ಮನೆಗಳ ಕೆತ್ತಿದ ಬಾಗಿಲುಗಳ ಮುಂದೆ ಅತ್ತೆ ನಿಂತು ನಿಂತು ನೋಡಿದರು, ಒಂದು ಮನೆಯವರು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಕಸೂತಿ ಹಾಕುವವಳ ಪಕ್ಕ ಕೂತು ಒಂದು ಹೊಲಿಗೆ ಕಲಿಯಲು ನೋಡಿ, ಬೆರಳು ಚುಚ್ಚಿಕೊಂಡು ನಕ್ಕರು. ನಾನು ಹೂವಿನ ಗಿಡ ಕಂಡಲ್ಲೆಲ್ಲ ಅವರನ್ನು ಆಚೆ ಬದಿಗೆ ಎಳೆಯುತ್ತಿದ್ದೆ. ಒಂದು ಕಡೆ ಬೇಲಿಯ ಹೂವಿನಿಂದ ಏನೋ ಗುಂಯ್ ಅಂದಿತು, ನಾನು ರಸ್ತೆಯ ನಡುವೆಯೇ ಅವರ ತಲೆಯ ಮೇಲೆ ವೇಲು ಹೊದಿಸಿಬಿಟ್ಟೆ. ಅದು ದುಂಬಿ. ಹೋಗುತ್ತಿದ್ದವರು ನಕ್ಕರು.

ವೇಲಿನೊಳಗಿನಿಂದ ಅತ್ತೆ ಕೇಳಿದರು: "ಅವತ್ತು ಒಳಗ ಕತ್ತಲದಾಗ ನಿನಗೇನೂ ಆಗಲಿಲ್ಲೇನಬೇ? ಬೆಳಗ್ಗೆ ಮೆಟ್ಟಲದ ಮ್ಯಾಗ ನಿಂತು ಅಷ್ಟು ಒದರಿದಾಕಿ."

"ಆಗಿತ್ರಿ. ಸತ್ತಽ ಹೊಕ್ಕೀನಿ ಅನಿಸಿತ್ತು."

"ಮತ್ತ ಹೆಂಗ ಬಂದಿ?"

"ನಿಮ್ಮ ಹಿಂದ ಬಂದೆ ಅಷ್ಟ," ಅಂದೆ.

ಅವರು ವೇಲು ತೆಗೆದು ಮಡಚಿ ನನ್ನ ಹೆಗಲ ಮೇಲೆ ಹಾಕಿದರು. ಸಂಜೆ ಹೊಸಪೇಟೆಯ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತು, ಘಾಟಿ ಹತ್ತುವ ಮೊದಲೇ ನಿದ್ದೆ ಹೋದರು. ಯಾವ ಹುಳುವೂ ಒಳಗೆ ಬಾರದಂತೆ ನಾನು ಕಿಟಕಿಯ ಗಾಜನ್ನು ಪೂರ್ತಿ ಮುಚ್ಚಿದೆ. ದಾರಿಯುದ್ದಕ್ಕೂ ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತ ಕೂತಿದ್ದೆ.